ಪೂಜೆಗಿಟ್ಟ ಡಬ್ಬಿ

ಆ ಕರಿ ಡಬ್ಬಿ ಈಗಲೂ ನನ್ನ ಟೇಬಲ್ಲಿನ ಡ್ರಾದಲ್ಲಿ ಬಿದ್ದಿದೆ. ಅಂಗೈಯಗಲದ ಹಾರ್ಡ್ ಡಿಸ್ಕ್. ಎಸೆದುಬಿಡಬೇಕೆಂದು ಎಷ್ಟೋ ಸಲ ಕೈಗೆ ತೆಗೆದುಕೊಂಡಿದ್ದೇನೆ, ಮತ್ತೆ ಒಳಗಿಟ್ಟಿದ್ದೇನೆ. ಅದರದೇನೂ ತಪ್ಪಿಲ್ಲ. ಕೊಟ್ಟದ್ದನ್ನು ಇಟ್ಟುಕೊಂಡಿತು, ಅಳಿಸು ಅಂದಾಗ ಅಳಿಸಿತು. ನನ್ನ ಸಿಟ್ಟು ಅದರ ಮೇಲಲ್ಲ.

ಗದಗಿನ ಒಂದು ಪ್ರಿಂಟಿಂಗ್ ಪ್ರೆಸ್ಸಿನಲ್ಲಿ ನಾನು ಕಂಪ್ಯೂಟರಿನ ಮೇಲೆ ಪುಟ ಕಟ್ಟುವವಳು. ಲಗ್ನಪತ್ರಿಕೆ, ಶಾಲೆಗಳ ಸ್ಮರಣ ಸಂಚಿಕೆ, ಪಂಚಾಂಗ, ಎಲ್ಲ ನನ್ನ ಕೈಯಿಂದಲೇ ದಾಟಿ ಮಶೀನಿಗೆ ಹೋಗುತ್ತವೆ. ಕೂತು ಕೂತು ಸೊಂಟ ಹೋಗಿದೆ, ಕಣ್ಣಿಗೆ ಎರಡನೇ ಚಾಳೀಸು ಬಂದಿದೆ. ನಾಲಿಗೆ ಮಾತ್ರ ಚುರುಕಾಗಿಯೇ ಉಳಿದಿದೆ ಎಂದು ಪ್ರೆಸ್ಸಿನವರು ಹೇಳುತ್ತಾರೆ, ಇರಲಿ.

ನನ್ನ ಸಿಟ್ಟು ಯಾರ ಮೇಲೋ ಅವನು ಲಕ್ಷ್ಮೇಶ್ವರದ ಫೋಟೋಗ್ರಾಫರ್. ಸ್ವಂತ ಸ್ಟುಡಿಯೋ, ಹೆಂಡತಿ, ಎರಡು ಮಕ್ಕಳು. ಲಗ್ನದ ಆಲ್ಬಂ ಕೆಲಸಕ್ಕೆಂದು ಪ್ರೆಸ್ಸಿಗೆ ಬರುತ್ತ ಬರುತ್ತ ನನಗೆ ತಮ್ಮನೇ ಆಗಿಬಿಟ್ಟ. ನನಗೆ ಒಡಹುಟ್ಟಿದ ಗಂಡುದಿಕ್ಕು ಇಲ್ಲ. ನಾಗರ ಪಂಚಮಿ ಬಂದರೆ ಓಣಿಯ ಹೆಣ್ಣುಮಕ್ಕಳೆಲ್ಲ ತವರಿಗೆ ಕರೆಯಲು ಬರುವ ಅಣ್ಣತಮ್ಮಂದಿರ ದಾರಿ ನೋಡುವಾಗ ನಾನು ಒಳಗೇ ಇದ್ದುಬಿಡುತ್ತಿದ್ದೆ. ಒಂದು ವರ್ಷ ಇವನು ಶೇಂಗಾ ಉಂಡಿ, ಒಂದು ಕುಪ್ಪಸದ ಖಣ ಹಿಡಿದುಕೊಂಡು ಬಾಗಿಲಲ್ಲಿ ನಿಂತ. "ನಾ ಅದೀನಲ್ರಿ ಅಕ್ಕಾ" ಅಂದ. ಅವತ್ತಿನಿಂದ ಪ್ರೆಸ್ಸಿನಲ್ಲಿ ನನ್ನ ಕೋಣೆಯ ಇನ್ನೊಂದು ಕೀಲಿ ಅವನ ಹತ್ತಿರವೇ ಇತ್ತು. ಅದನ್ನು ಕೊಟ್ಟವಳು ನಾನೇ.

ಹಳ್ಳಿಮನೆಗಳ ಗೋಡೆಯ ಮೇಲಿನ ಹಳೆಯ ಫೋಟೋಗಳನ್ನು ಸೇರಿಸಿ ಒಂದು ಪುಸ್ತಕ ಮಾಡಬೇಕೆಂಬ ಹುಚ್ಚು ನಮ್ಮಿಬ್ಬರಿಗೂ ಒಟ್ಟಿಗೇ ಹತ್ತಿತು. ನಾಲ್ಕು ವರ್ಷ, ರಜೆ ಸಿಕ್ಕಾಗಲೆಲ್ಲ ಅವನ ಬೈಕಿನ ಹಿಂದೆ ಸ್ಕ್ಯಾನರನ್ನು ತೊಡೆಯ ಮೇಲೆ ಇಟ್ಟುಕೊಂಡು ಕೂತು ಶಿರಹಟ್ಟಿ, ಮುಂಡರಗಿ ಕಡೆಯ ಊರೆಲ್ಲ ತಿರುಗಿದ್ದೇನೆ. ಗೋಡೆಯ ಫೋಟೋವನ್ನು ಯಾರೂ ಹೊಸ್ತಿಲು ದಾಟಿಸುವುದಿಲ್ಲ. ತೀರಿಹೋದವರ ಫೋಟೋ ಅಂದರೆ ಅವರೇ ಇದ್ದಂತೆ. ಹಾಗಾಗಿ ಸ್ಕ್ಯಾನರನ್ನೇ ಮನೆಯೊಳಗೆ ಒಯ್ಯುತ್ತಿದ್ದೆವು. ಡೋಣಿಯಲ್ಲಿ ಒಬ್ಬಾಕೆ ಮಾವನ ಫೋಟೋ ಇಳಿಸುವ ಮೊದಲು ತಲೆಯ ಮೇಲೆ ಸೆರಗು ಹೊದ್ದು, "ಒಂದೀಟ ಇಳಿದು ಬರ್ರಿ ಮಾವಾರ, ಫೋಟೋ ತಗೋತಾರಂತ" ಎಂದು ಗೋಡೆಗೆ ಹೇಳಿದಳು. ಬಾಳೆಹೊಸೂರಿನಲ್ಲಿ ಒಬ್ಬ ಹಿರಿಯರು ಕೈಕಾಲು ತೊಳೆದುಕೊಂಡು ಬಂದು ತಂದೆಯ ಮಾಲೆ ತೆಗೆದರು. ಅಂಥ ನಂಬಿಕೆ ಅದು. ಸಾವಿರಕ್ಕೂ ಮೇಲೆ ಫೋಟೋ ಆದವು, ಎಲ್ಲ ಆ ಡಬ್ಬಿಯಲ್ಲಿ.

ತೊಡಕು ಶುರುವಾದದ್ದು ಅವನು ಹಳೆಯದೊಂದು ಮ್ಯಾಕ್ ಲ್ಯಾಪ್‌ಟಾಪ್ ತಂದಾಗಿನಿಂದ. ನನ್ನದು ವಿಂಡೋಸ್. ಡಬ್ಬಿಯನ್ನು ಅವನ ಲ್ಯಾಪ್‌ಟಾಪಿಗೆ ಹಾಕಿದರೆ ಫೋಟೋಗಳು ಕಾಣುತ್ತಿದ್ದವು, ಹೊಸದೊಂದನ್ನು ಸೇರಿಸಲು ಬರುತ್ತಿರಲಿಲ್ಲ.

"ಇದಕ್ಕ ಓದಾಕ ಬರ್ತೈತ್ರಿ ಅಕ್ಕಾ, ಬರಿಯಾಕ ಬರೂದಿಲ್ಲ" ಅಂದ.

"ಇಷ್ಟ ತುಟ್ಟಿ ಲ್ಯಾಪ್‌ಟಾಪ್, ಇನ್ನೂ ಒಂದನೇತ್ತಿ ಪಾಸಾಗಿಲ್ಲೇನೋ?" ಅಂದೆ. ಇಬ್ಬರೂ ನಕ್ಕೆವು.

ಬೆಟಗೇರಿಯಲ್ಲಿ ಕಂಪ್ಯೂಟರ್ ರಿಪೇರಿ ಅಂಗಡಿ ಇಟ್ಟುಕೊಂಡ ಒಬ್ಬ ಹೆಣ್ಣುಮಗಳಿದ್ದಾಳೆ. ಮಾತು ಕಡಿಮೆ, ಕೆಲಸ ಖರೆ. ಅವಳು ಫೋಟೋಗಳನ್ನೆಲ್ಲ ಒಂದು ಕಡೆ ತೆಗೆದಿಟ್ಟು, ಡಬ್ಬಿಯನ್ನು ಎರಡೂ ಕಂಪ್ಯೂಟರಿಗೆ ಒಗ್ಗುವ ಎಕ್ಸ್‌ಫ್ಯಾಟ್ ಎಂಬ ಬಗೆಗೆ ಫಾರ್ಮ್ಯಾಟ್ ಮಾಡಿ, ಮತ್ತೆ ತುಂಬಿಸಿ ಕೊಟ್ಟಳು. ಕೊಡುವಾಗ ಎರಡು ಮಾತು ಹೇಳಿದಳು. "ಇದು ಭಾಳ ನಾಜೂಕರಿ. ಕೆಲಸ ಆತಂತ ಹಂಗ ಕಿತ್ತಬ್ಯಾಡ್ರಿ, ಇಜೆಕ್ಟ್ ಮಾಡೇ ತಗೀರಿ. ಮತ್ತ ಎಲ್ಲಾದ್ದೂ ಇನ್ನೊಂದು ಕಾಪಿ ಬ್ಯಾರೆ ಕಡೆ ಇರ್ಲಿ."

ಮೊದಲನೆಯದು ನನಗೆ ಹೊಸ ಪಾಠವಾಗಿರಲಿಲ್ಲ. ನಮ್ಮ ಕಡೆ ಯಾರ ಮನೆಯಿಂದ ಎದ್ದರೂ "ಬರ್ತೀನ್ರಿ" ಅನ್ನದೆ ಹೊಸ್ತಿಲು ದಾಟುವುದಿಲ್ಲ, ಡಬ್ಬಿಗೂ ಅಷ್ಟೇ ಮರ್ಯಾದೆ. ಅವನಿಗೆ ಮಾತ್ರ ಯಾವಾಗಲೂ ಅವಸರ. ಸರಕ್ಕನೆ ಕಿತ್ತು ಕಿಸೆಗೆ ಹಾಕುತ್ತಿದ್ದ, ನಾನು ಬೈಯುತ್ತಿದ್ದೆ. ಎರಡನೆಯ ಮಾತಿಗೆ ಅವನೇ ಜವಾಬ್ದಾರಿ ಹೊತ್ತ. ನನ್ನ ಕಂಪ್ಯೂಟರ್ ಪ್ರೆಸ್ಸಿನದು, ಅದರಲ್ಲಿ ಜಾಗವಿರಲಿಲ್ಲ. "ಎಲ್ಲಾ ನನ್ನ ಲ್ಯಾಪ್‌ಟಾಪ್‌ನಾಗ ಇಟ್ಟೇನ್ರಿ ಅಕ್ಕಾ. ನೀವು ಚಿಂತಿ ಬಿಡ್ರಿ" ಅಂದ. ಬಿಟ್ಟೆ.

ಈಗ ನಾವು ಆಯಿ ಎಂದು ಕರೆಯುತ್ತಿದ್ದ ಕುರ್ತಕೋಟಿಯ ಮುದುಕಿಯ ಮಾತು ಹೇಳಬೇಕು. ಆಕೆಗೆ ಒಬ್ಬಳೇ ಮಗಳು, ಹದಿಮೂರರ ಹೊತ್ತಿಗೆ ಜ್ವರ ಬಂದು ತೀರಿಹೋದವಳು. ಇದ್ದದ್ದು ಒಂದೇ ಫೋಟೋ, ಪಂಚಮಿಗೆ ಬಳೆ ಇಡಿಸಿದ ದಿನ ಗದಗಿನ ಯಾವುದೋ ಸ್ಟುಡಿಯೋದಲ್ಲಿ ತೆಗೆಸಿದ್ದು. ಎರಡು ಜಡೆ, ಹಣೆಗೆ ದೊಡ್ಡ ಕುಂಕುಮ, ಎಡಗೈ ಎದೆಯ ಕೆಳಗೆ ಮಡಚಿ ಮುಂದೆ ಮಾಡಿದ್ದಳು. "ಬಳಿ ಕಾಣಬೇಕಂತ ಹಂಗ ನಿಂತಾಳ ನೋಡ್ರಿ. ಹಸರ ಬಳಿ. ಫೋಟೋದಾಗ ಕರೀವು ಕಾಣ್ತಾವು, ಆದ್ರ ಹಸರ ಅವು" ಎಂದು ಆಯಿ ಹೇಳಿದ್ದಳು. ನಾವು ಸ್ಕ್ಯಾನ್ ಮಾಡಿಕೊಂಡು, ಫೋಟೋವನ್ನು ಮೊಳೆಗೆ ತಿರುಗಿ ಹಾಕಿ, ಅವಳು ಕೊಟ್ಟ ಚಹಾ ಕುಡಿದು ಬಂದಿದ್ದೆವು.

ಮುಂದಿನ ವರ್ಷ ಮಳೆ ಜಗ್ಗಿ ಹೊಡೆಯಿತು. ಆಯಿಯ ಮನೆಯ ಮಣ್ಣಿನ ಮಾಳಿಗೆ ಸೋರಿ, ಗೋಡೆ ತೊಯ್ದು, ಫೋಟೋ ಗಾಜಿಗೆ ಅಂಟಿಕೊಂಡು ಕರಗಿಹೋಯಿತು. ದಸರೆಗೆ ಹದಿನೈದು ದಿನ ಇರುವಾಗ ಆ ಗಾಜನ್ನೇ ಟವೆಲಿನಲ್ಲಿ ಸುತ್ತಿಕೊಂಡು ಬಸ್ಸು ಹತ್ತಿ ಪ್ರೆಸ್ಸಿಗೆ ಬಂದಳು.

"ನಿಮ್ಮ ಡಬ್ಬ್ಯಾಗ ನನ್ನ ಮಗಳು ಅದಾಳಲ್ಲ, ಯವ್ವಾ?"

"ಅದಾಳ, ಆಯಿ" ಎಂದು ಡಬ್ಬಿ ಹಚ್ಚಿ ತೋರಿಸಿದೆ. ಆಯಿ ತೆರೆಯನ್ನು ಬೆರಳಿನಿಂದ ಮುಟ್ಟಿದಳು, ಬಳೆಗಳ ಹತ್ತಿರ. ಅವತ್ತೇ ಒಂದು ಪ್ರಿಂಟ್ ತೆಗೆದು ಕೊಟ್ಟಿದ್ದರೆ ಎರಡು ನಿಮಿಷದ ಕೆಲಸ. ನನಗೆ ನನ್ನ ಕೈಗುಣ ತೋರಿಸಬೇಕಿತ್ತು. ಹಣೆಯ ಮೇಲಿನ ಬಿಳಿ ಚುಕ್ಕೆ ತೆಗೆದು, ಚಂದ ಮಾಡಿ, ಗಾಜಿನ ಕಟ್ಟು ಹಾಕಿಸಿ ಹಬ್ಬ ಆದ ಮೇಲೆ ನಾನೇ ತಂದು ಕೊಡುತ್ತೇನೆ ಅಂದೆ.

"ಆತು ಬಿಡು. ಒಳಗ ಅದಾಳಲ್ಲ, ಅವಸರಿಲ್ಲ" ಎಂದು ಆಯಿ ಹೋದಳು.

ಖಂಡೇನವಮಿ ಅಂದರೆ ಆಯುಧಪೂಜೆ, ಅವತ್ತು ಪ್ರೆಸ್ಸಿನಲ್ಲಿ ಎಲ್ಲ ಮಶೀನುಗಳಿಗೂ ಪೂಜೆ. ಮಶೀನಿನವರು ಸ್ಪ್ಯಾನರ್, ಕತ್ತರಿ ಇಟ್ಟರೆ ನಾನು ನನ್ನ ಕೋಣೆಯಲ್ಲಿ ಮಣೆಯ ಮೇಲೆ ಕೀಬೋರ್ಡ್, ಮೌಸ್, ಆ ಡಬ್ಬಿ ಇಡುವುದು ರೂಢಿ. ಡಬ್ಬಿಗೆ ಮೂರು ಬೆರಳಿನ ವಿಭೂತಿ ಎಳೆದೆ, ಕುಂಕುಮ ಹಚ್ಚಿದೆ, ಒಂದು ಚೆಂಡು ಹೂವು ಏರಿಸಿದೆ, ಹೂವನ್ನೇ ತಂಬಿಗೆಯಲ್ಲಿ ಅದ್ದಿ ನೀರು ಚಿಮುಕಿಸಿದೆ. ಪೂಜೆಗಿಟ್ಟ ಆಯುಧವನ್ನು ಬನ್ನಿ ಮುಡಿಯುವ ತನಕ ಯಾರೂ ಮುಟ್ಟುವುದಿಲ್ಲ.

ಅವನು ಪ್ರಸಾದಕ್ಕೆ ಬಂದವನು ಮಣೆಯ ಕಡೆ ನೋಡಿದ. "ಅಕ್ಕಾ, ಮುಂಡರಗಿ ಮದವಿ ವಿಡಿಯೋ ನಾಳೆ ತೋರಸಬೇಕು. ಲ್ಯಾಪ್‌ಟಾಪ್ ತುಂಬೇತಿ. ಒಂದಿನ ಡಬ್ಬಿ ಒಯ್ಯಲ್ಯಾ?"

"ಪೂಜಿಗಿಟ್ಟದ್ದು ಎತ್ತತಾರೇನೋ? ನಾಡದು ಒಯ್ಯಿ" ಅಂದೆ.

"ಆತ್ರಿ" ಅಂದ.

ಮರುದಿನ ಸಂಜೆ ಬನ್ನಿ ಕೊಡಲು ಬಂದ. ಎಲೆಗಳನ್ನು ಅಂಗೈಯಲ್ಲಿಟ್ಟು, "ಬಂಗಾರ ತಗೊಂಡು ಬಂಗಾರದಂಗ ಇರೋಣ್ರಿ ಅಕ್ಕಾ" ಎಂದು ಕಾಲು ಮುಟ್ಟಿದ. ನೂರ್ಕಾಲ ಬಾಳು ಅಂದೆ. ಪೂಜೆ ತೆಗೆಯುವಾಗ ಡಬ್ಬಿಯ ಮೇಲೆ ಚೆಂಡು ಹೂವಿನ ಬದಲು ಸೇವಂತಿಗೆ ಇತ್ತು, ವಿಭೂತಿ ಇರಲಿಲ್ಲ, ಬರೀ ಕುಂಕುಮದ ಬೊಟ್ಟು. ಮಾಲಕರ ಮನೆಯವರು ಹೂವು ಬದಲಿಸಿರಬೇಕು ಅಂದುಕೊಂಡೆ.

ಅದರ ಮರುದಿನ ಆಯಿಯ ಮಗಳನ್ನು ಚಂದ ಮಾಡಲು ಕೂತೆ. ಡಬ್ಬಿ ಹಚ್ಚಿದರೆ ಕಂಪ್ಯೂಟರ್ ಕೇಳಿತು: ಈ ಡಿಸ್ಕನ್ನು ಬಳಸುವ ಮೊದಲು ಫಾರ್ಮ್ಯಾಟ್ ಮಾಡಬೇಕು, ಮಾಡಲೇ? ಬೇಡ ಎಂದು ಒತ್ತಿದೆ. ವೈರು ಬದಲಿಸಿದೆ. ಹಿಂದಿನ ತೂತಿಗೆ ಹಚ್ಚಿದೆ. ಆಫೀಸಿನ ಇನ್ನೊಂದು ಕಂಪ್ಯೂಟರಿಗೆ ಒಯ್ದೆ. ಎಲ್ಲಿ ಹಚ್ಚಿದರೂ ಅದೇ ಪ್ರಶ್ನೆ. ಡಬ್ಬಿಯ ದೀಪ ಮಾತ್ರ ಏನೂ ಆಗಿಲ್ಲವೆಂಬಂತೆ ಮಿಣಮಿಣ ಅನ್ನುತ್ತಿತ್ತು.

ಅವನಿಗೆ ಫೋನ್ ಮಾಡಿದೆ. ತಾಸಿನೊಳಗೆ ಬಂದ. ಎಂಟು ದಿನ ಬಂದ. ಅದನ್ನು ನೆನೆದರೆ ಇವತ್ತಿಗೂ ಹೊಟ್ಟೆ ಉರಿಯುತ್ತದೆ. ದಿನಾ ಲಕ್ಷ್ಮೇಶ್ವರದಿಂದ ಬಂದು, ನನ್ನ ಬಾಜು ಕುರ್ಚಿ ಎಳೆದುಕೊಂಡು, "ಇದನ್ನ ಒತ್ತಿ ನೋಡೋಣ್ರಿ, ಈ ಸಾಫ್ಟ್‌ವೇರ್ ಹಾಕಿ ನೋಡೋಣ್ರಿ" ಎನ್ನುತ್ತಿದ್ದ. ಮ್ಯಾಕಿನಲ್ಲಿ ಹಚ್ಚಿ ನೋಡು ಅಂದರೆ ಲ್ಯಾಪ್‌ಟಾಪಿನ ಮುಖವನ್ನು ಗೋಡೆಯ ಕಡೆ ತಿರುಗಿಸಿಕೊಂಡು ಕೂತು, "ಇದರಾಗೂ ಬರವಲ್ದ್ರಿ" ಅಂದ. ನಿನ್ನ ಹತ್ತಿರ ಇರುವ ಕಾಪಿ ಕೊಡು ಅಂದರೆ "ಹುಡುಕ್ತೀನ್ರಿ, ಎಲ್ಲೋ ಸೇರಿಕೊಂಡೈತಿ" ಅಂದ. ಮೂರನೆಯ ದಿನ ನಿಧಾನಕ್ಕೆ ಕೇಳಿದ: "ಅಕ್ಕಾ, ಪೂಜಿ ದಿನ ನೀರೇನರ ಚಿಮುಕಿಸಿದ್ರೇನ್ರಿ?"

ಚಿಮುಕಿಸಿದ್ದೆನಲ್ಲ! ಕೈಯಿಂದ ಹಣೆ ಬಡಿದುಕೊಂಡೆ. ಪ್ರೆಸ್ಸಿನಲ್ಲಿ ಖಬರ ಹಬ್ಬಿತು. "ಅಕ್ಕಾರು ಹಾರ್ಡ್ ಡಿಸ್ಕಿಗೆ ಅಭಿಷೇಕ ಮಾಡ್ಯಾರ" ಎಂದು ಮಶೀನಿನವರು ನಗಾಡಿದರು. ತೊಯ್ದ ಯಂತ್ರವನ್ನು ಅಕ್ಕಿಯಲ್ಲಿ ಹೂತಿಟ್ಟರೆ ಪಸೆ ಹೀರುತ್ತದೆ ಎಂದು ಅವನೇ ಹೇಳಿದ. ನಮ್ಮ ಮನೆಯಲ್ಲಿ ಅಕ್ಕಿ ಮುಷ್ಟಿಯಷ್ಟು, ಇರುವುದೆಲ್ಲ ಜೋಳ. ಜೋಳದ ಡಬ್ಬದಲ್ಲಿ ಹೂತಿಟ್ಟು ಎರಡು ದಿನ ಮೇಲಿಂದ ಮೇಲೆ ಮುಚ್ಚಳ ತೆಗೆದು ನೋಡಿದೆ. ನನ್ನ ಭಕ್ತಿಗೆ ಬೆಂಕಿ ಬಿತ್ತು ಎಂದು ನನ್ನನ್ನೇ ಬೈದುಕೊಂಡೆ. ದೇವರ ಮುಂದೆ ದೀಪ ಹಚ್ಚುವಾಗಲೂ ಕೈ ಹಿಂದೆಗೆಯುತ್ತಿತ್ತು. ಅವನು ಪಕ್ಕದಲ್ಲೇ ಕೂತು "ಇರ್ಲಿ ಬಿಡ್ರಿ ಅಕ್ಕಾ, ತಿಳೀದ ಆಗೇತಿ" ಎಂದು ಸಮಾಧಾನ ಮಾಡುತ್ತಿದ್ದ.

ಮಗುವನ್ನೂ ಚಿವುಟಿ ತೊಟ್ಟಿಲನ್ನೂ ತೂಗುವುದು ಅಂತಾರಲ್ಲ, ಹಾಗೆ ತೂಗಿದ. ಆ ಮಗು ನಾನೇ ಎಂದು ತಿಳಿಯಲು ಒಂಬತ್ತನೆಯ ದಿನ ಬರಬೇಕಾಯಿತು.

ಒಂಬತ್ತನೆಯ ದಿನ ಅವನಿಗೆ ಹೇಳದೆ ಬೆಟಗೇರಿಗೆ ಹೋದೆ. ನಾಚಿಕೆಯಿಂದಲೇ ನೀರಿನ ಕಥೆ ಹೇಳಿದೆ. ಆ ಹೆಣ್ಣುಮಗಳು ಡಬ್ಬಿಯನ್ನು ತಿರುಗಿಸಿ ನೋಡಿದಳು, ಮೂಸಿದಳು, ಸಂದಿಯಿಂದ ಒಂದು ಜೋಳದ ಕಾಳು ತೆಗೆದು ಮೇಜಿನ ಮೇಲಿಟ್ಟಳು. ಆಮೇಲೆ ಅವಳ ಲಿನಕ್ಸ್ ಕಂಪ್ಯೂಟರಿಗೆ ಹಚ್ಚಿದಳು. ಅದಕ್ಕೆ ಎಲ್ಲರ ಭಾಷೆಯೂ ಬರುತ್ತದಂತೆ.

"ನೀರೂ ಹೋಗಿಲ್ಲ, ಏನೂ ಕೆಟ್ಟಿಲ್ರಿ ಅಕ್ಕಾರ. ಇದನ್ನ ಯಾರೋ ಅಳಿಸ್ಯಾರ" ಅಂದಳು. "ಮ್ಯಾಕಿಗೆ ಹಚ್ಚಿ, ಮ್ಯಾಕಿನ ಸ್ವಂತ ಫಾರ್ಮ್ಯಾಟ್ ಹಾಕ್ಯಾರ. ಅದಕ್ಕ ನಿಮ್ಮ ವಿಂಡೋಸಿಗೆ ಗುರ್ತ ಹತ್ತವಲ್ದು."

ತೆರೆಯನ್ನು ನನ್ನ ಕಡೆ ತಿರುಗಿಸಿದಳು. ಡಿಸ್ಕಿಗೆ ಹೊಸದಾಗಿ ಇಟ್ಟ ಹೆಸರು ಅವನ ಸ್ಟುಡಿಯೋದ್ದು. ಇಟ್ಟ ಹೊತ್ತು ಖಂಡೇನವಮಿಯ ಸಂಜೆ. ಅದಾದ ಮೇಲೆ ಒಂದು ದೊಡ್ಡ ವಿಡಿಯೋ ತುಂಬಿ, ಮರುದಿನ ಮುಂಜಾನೆ ಅದನ್ನೂ ಅಳಿಸಿದ ಗುರುತು. ಅವಳು ಅದರ ಒಂದು ತುಣುಕನ್ನು ಎಬ್ಬಿಸಿ ತೋರಿಸಿದಳು. ಮುಂಡರಗಿಯ ಮದುವೆ. ಅಕ್ಷತೆ ಬೀಳುತ್ತಿತ್ತು, ಮಂದಿ ನಗುತ್ತಿದ್ದರು.

ಸೇವಂತಿಗೆ ಹೂವು ನೆನಪಾಯಿತು. ಗೋಡೆಯ ಕಡೆ ತಿರುಗಿಸಿದ ಲ್ಯಾಪ್‌ಟಾಪ್ ನೆನಪಾಯಿತು. ಬೇಲಿಯೇ ಎದ್ದು ಹೊಲ ಮೇಯ್ದಿತ್ತು. ನಾನು ಎಂಟು ದಿನ ಆ ಬೇಲಿಗೇ ಒರಗಿ ಅತ್ತಿದ್ದೆ.

ಅಳಿದದ್ದನ್ನು ಎಬ್ಬಿಸಿ ನೋಡುತ್ತೇನೆಂದು ಆ ಹೆಣ್ಣುಮಗಳು ನಾಲ್ಕು ದಿನ ಬಿಟ್ಟು ಬರಲು ಹೇಳಿದಳು. ಹೋದಾಗ ಅರ್ಧಕ್ಕೂ ಕಡಿಮೆ ಫೋಟೋ ಎದ್ದು ಬಂದಿದ್ದವು. ಊರಿಲ್ಲ, ಮನೆಯವರ ಹೆಸರಿಲ್ಲ, ಬರೀ ಅಂಕಿ. ಉಳಿದವುಗಳ ಜಾಗದಲ್ಲಿ ಆ ಮದುವೆ ಕೂತುಬಿಟ್ಟಿತ್ತು. ಆಯಿಯ ಮಗಳು ಬಂದಿದ್ದಳು, ಅರ್ಧ. ಜಡೆ, ಹಣೆ, ಕುಂಕುಮ, ಕಣ್ಣು, ಮೂಗು. ತುಟಿಯಿಂದ ಕೆಳಗೆ ಬೂದಿ ಬಣ್ಣದ ಬಯಲು.

"ಕೆಳಗಿಂದು ಹೋತ್ರಿ. ಅದರ ಮ್ಯಾಲೆ ವಿಡಿಯೋ ಬರದಾರ" ಅಂದಳು ಆ ಹೆಣ್ಣುಮಗಳು.

ಅಲ್ಲಿಂದ ನೇರ ಲಕ್ಷ್ಮೇಶ್ವರದ ಬಸ್ಸು ಹತ್ತಿದೆ. ಅವನು ಸ್ಟುಡಿಯೋದಲ್ಲಿ ಒಬ್ಬನೇ ಇದ್ದ. ನನ್ನ ಕೈಯಲ್ಲಿ ಡಬ್ಬಿ ನೋಡಿದ ಕೂಡಲೇ ಎದ್ದು ನಿಂತ.

"ಬೆಟಗೇರಿಗೆ ಹೋಗಿದ್ನಿ" ಅಂದೆ, ಅಷ್ಟೇ.

ಎಲ್ಲ ಹೇಳಿದ. ಪೂಜೆಯ ದಿನ ಎಲ್ಲರೂ ಹೋದ ಮೇಲೆ ನಾನು ಕೊಟ್ಟ ಕೀಲಿಯಿಂದಲೇ ಕೋಣೆ ತೆಗೆದು ಡಬ್ಬಿ ಒಯ್ದಿದ್ದ. ವಿಡಿಯೋ ಹಾಕುವಾಗ ವೈರು ಕೈಗೆ ತಾಗಿ ನಡುವೆಯೇ ಕಿತ್ತು ಬಂತು. ತಿರುಗಿ ಹಚ್ಚಿದರೆ ಮ್ಯಾಕಿಗೆ ಡಬ್ಬಿ ಓದಲು ಬರಲಿಲ್ಲ. ಬೆಳಗಾದರೆ ಮದುವೆಯವರು ಬರುತ್ತಿದ್ದರು. ಅಳಿಸು ಎಂದು ಒತ್ತಿದ.

"ನಿನ್ನ ಹತ್ರ ಕಾಪಿ ಐತಂತ ಒತ್ತಿದ್ಯೇನು?"

ತಲೆ ತಗ್ಗಿಸಿದ. "ಅದನ್ನ ಬ್ಯಾಸಗಿ ಲಗ್ನದಾಗ ಅಳಿಸಿದ್ನಿರಿ. ಜಾಗಾ ಇರಲಿಲ್ಲ. ನಿಮ್ಮ ಕಡೆ ಡಬ್ಬ್ಯಾಗ ಅದಾವಲ್ಲ ಅಂತ."

ಡಬ್ಬಿಯನ್ನು ಅವನ ಮುಖಕ್ಕೆ ಹಿಡಿದೆ. "ಅಳಿಸಿದ್ದಕ್ಕ ನಾ ಏನೂ ಅನ್ನಾಂಗಿಲ್ಲೋ. ಕೈ ತಪ್ಪತೈತಿ, ಯಾರಿಗೂ ತಪ್ಪತೈತಿ. ಎಂಟ್ ದಿನ ನನ್ನ ಬಾಜೂಕ ಕುಂತ್ಯಲ್ಲ, ನೀರು ಹೋಗೇತಿ ಅಂದ್ಯಲ್ಲ, ಜೋಳದಾಗ ಇಡಿಸಿದ್ಯಲ್ಲ. ನಾ ಅಳೂದು ನೋಡಿದಿ. ಒಂದ್ ದಿನಾನೂ ಹೇಳಬೇಕು ಅನಸಲಿಲ್ಲೇನು?"

"ಹೇಳಬೇಕಂತ ಬಾಯಿತನಕ ಬರ್ತಿತ್ರಿ ಅಕ್ಕಾ. ನೀರಿನ ಮಾತು ಸುಮ್ಮ ಅಂದಿದ್ನಿ. ನೀವು ನಂಬಿದ್ರಿ." ಆಮೇಲೆ ಅಂದ, "ನೀವು ನಂಬಿದ ಮ್ಯಾಲ ನನಗ ಹಗೂರಾತ್ರಿ."

ಅದಕ್ಕಿಂತ ಕೆಟ್ಟ ಮಾತನ್ನು ನನ್ನ ಜೀವಮಾನದಲ್ಲಿ ಕೇಳಿಲ್ಲ. ಕೀಲಿ ಕೊಡು ಅಂದೆ. ಕೊಟ್ಟ. ಬರ್ತೀನಿ ಅನ್ನದೆ ಹೊಸ್ತಿಲು ದಾಟಿದೆ, ಬೇಕೆಂತಲೇ. ಬಸ್ಸಿನಲ್ಲಿ ಶಿರಹಟ್ಟಿ ದಾಟುವ ತನಕ ಕಣ್ಣು ಒರೆಸಿಕೊಂಡೆ. ಆಮೇಲೆ ಪಕ್ಕದವಳು ಯಾರು ತೀರಿಕೊಂಡರು ಎಂದು ಕೇಳಿದಳು, ನನ್ನ ತಮ್ಮ ಅಂದೆ.

ಮುಂದಿನ ಸೋಮವಾರ ಆಯಿಯ ಹತ್ತಿರ ಹೋದೆ. ಅರ್ಧ ಫೋಟೋವನ್ನೇ ತುಟಿಯ ಮೇಲ್ಗಡೆ ಕತ್ತರಿಸಿ, ಸಣ್ಣ ಕಟ್ಟಿನಲ್ಲಿ ಹಾಕಿಸಿದ್ದೆ. ಹಣೆಯ ಬಿಳಿ ಚುಕ್ಕೆ ತೆಗೆದಿದ್ದೆ. ದಾರಿಯುದ್ದಕ್ಕೂ ಹೇಳಬೇಕಾದ ಮಾತನ್ನು ಜೋಡಿಸಿಕೊಂಡಿದ್ದೆ. ನಾನು ನಿಮ್ಮ ಮನೆಗೆ ಕರೆತಂದಿದ್ದವನೇ ಅಳಿಸಿದ, ಅವನಿಗೆ ಕೀಲಿ ಕೊಟ್ಟವಳು ನಾನು, ನೀವು ಬಂದ ದಿನವೇ ಪ್ರಿಂಟ್ ಕೊಡಬಹುದಿತ್ತು, ಕೊಡಲಿಲ್ಲ. ಇಷ್ಟೇ. ಉದ್ದವೇನಲ್ಲ.

ಆಯಿ ಸೆರಗಿನಿಂದ ಗಾಜು ಒರೆಸಿ, ಬಾಗಿಲ ಬೆಳಕಿಗೆ ಹಿಡಿದು ನೋಡಿದಳು. ಹಿಂದೆ ತಿರುಗಿಸಿ ನೋಡಿದಳು, ಉಳಿದದ್ದು ಅಲ್ಲೇನಾದರೂ ಇದೆಯೋ ಎಂಬಂತೆ.

"ಬಳಿ ಎಲ್ಲಿ, ಯವ್ವಾ?"

ನನ್ನ ಬಾಯಿಂದ ಬಂದದ್ದು ಇದು: "ಪೂಜಿ ದಿನ ಡಬ್ಬ್ಯಾಗ ನೀರು ಹೋತು, ಆಯಿ. ಕೆಟ್ಟೋತು. ಇಷ್ಟ ಉಳೀತು."

ಆಯಿ ನನ್ನ ಮುಖ ನೋಡಿದಳು. ನನ್ನ ಕಣ್ಣಲ್ಲಿ ನೀರಿತ್ತು, ಅದು ಖರೆಯ ನೀರೇ. ಅವಳು ನಂಬಿದಳು. "ಹೋಗ್ಲಿ ಬಿಡು. ಯಂತ್ರಕ್ಕ ಏನ್ ತಿಳೀತೈತಿ. ನೀ ಯಾಕ ಅಳ್ತಿ? ನೀ ಏನ್ ಬೇಕಂತ ಮಾಡೀಯೇನು?" ಎಂದು ಬೆನ್ನು ಸವರಿದಳು. ಕಟ್ಟನ್ನು ಹಳೆಯ ಮೊಳೆಗೆ ಹಾಕಿದಳು. ತೊಯ್ದು ಒಣಗಿದ ಗೋಡೆಯ ಮೇಲೆ ಹಳೆಯ ಫೋಟೋದ ಗುರುತು ದೊಡ್ಡದಾಗಿ ಉಳಿದಿತ್ತು, ಹೊಸದು ಅದರ ಮೇಲರ್ಧಕ್ಕೆ ಬಂತು.

ಹೊರಡುವಾಗ ತಡೆದು ನಿಲ್ಲಿಸಿ ದೇವರ ಜಗಲಿಯಿಂದ ಏನನ್ನೋ ತಂದಳು. ಒಣಗಿದ ಬನ್ನಿ ಎಲೆ. "ಹಬ್ಬದಾಗ ನಿನಗ ಕೊಡಾಕ ಆಗಲಿಲ್ಲ, ತೆಗದಿಟ್ಟಿದ್ನಿ. ತಡಾ ಆತು, ಆದ್ರೂ ತಗೋ. ಬಂಗಾರದಂಗ ಇರೋಣ" ಎಂದು ನನ್ನ ಅಂಗೈಯಲ್ಲಿಟ್ಟು ಬೆರಳು ಮಡಚಿದಳು.

ದಸರೆಯ ಸಂಜೆ ಅವನು ನನಗೆ ಬನ್ನಿ ಕೊಡುವಾಗ ಅವನ ಕೈ ನಡುಗಿತ್ತೇ ಎಂದು ಎಷ್ಟು ನೆನಪು ಮಾಡಿಕೊಂಡರೂ ನನಗೆ ನೆನಪಾಗುವುದಿಲ್ಲ. ನನ್ನ ಕೈ ನಡುಗಲಿಲ್ಲ. ಎಲೆ ತೆಗೆದುಕೊಂಡೆ, "ಬರ್ತೀನಿ ಆಯಿ" ಅಂದೆ, ಬಸ್ ನಿಲ್ದಾಣದ ಕಡೆ ನಡೆದೆ. ನಡೆಯುತ್ತ ನಡೆಯುತ್ತ ಎದೆ ಹಗುರಾಗಿದ್ದು ಗೊತ್ತಾಯಿತು.